12 ಬೋರ್ ಖಾಲಿ ತೋಟಾ ಮತ್ತೆ ತುಂಬಿಸಬಹುದಾ? ಇಲ್ಲಾಂದ್ರೆ ಬೇರೆ ಏನಕ್ಕೆ ಬರುತ್ತೆ?

ಕಡ್ಲೆಕಾಯಿ_ಮಧುಗಿರಿ
ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಇರೋ 12 ಬೋರ್ ಒಂಟಿ ನಳಿಗೆ ಬಂದೂಕು, ಹೊಲ ಕಾಯೋಕೆ. ಹೊಡೆದ ಪ್ಲಾಸ್ಟಿಕ್ ತೋಟಾಗಳ ಖಾಲಿ ಕೇಸು 40 ಹತ್ರ ಇವೆ. ಮೂರು ಪ್ರಶ್ನೆ. ಕೇಪಿನ ಕೋವಿಗೆ (ಬಾಯಿಯಿಂದ ಮದ್ದು ತುಂಬೋ ಹಳೇ ಥರದ್ದು) ಹಾಕೋ ಕರಿಮದ್ದನ್ನೇ ಇದಕ್ಕೆ ತುಂಬಿ ಬಾಯಿ ಮುಚ್ಚಿದ್ರೆ ನಡೆಯುತ್ತಾ? ನೆಲದಲ್ಲಿ ಬಿದ್ದಿರೋ ಪ್ಲಾಸ್ಟಿಕ್ ವ್ಯಾಡ್ (ಮದ್ದಿಗೂ ಸೀಸದ ಚರೆಗುಂಡಿಗೂ ನಡುವೆ ಕೂರೋ ಬಿರಡೆ) ಮತ್ತೆ ಬಳಸಬಹುದಾ? ಎರಡೂ ಆಗಲ್ಲ ಅಂದ್ರೆ ಈ ಕೇಸುಗಳಿಂದ ಬೇರೆ ಏನು ಉಪಯೋಗ? ಹೊಸ ತೋಟಾ ರೇಟು ಗೊತ್ತಲ್ಲ, ಅದಕ್ಕೇ ಕೇಳ್ತಿರೋದು.

ಪಾವಗಡ_ಬಯಲು
ಮೊದಲೆರಡಕ್ಕೂ ಬೇಡ ಅಣ್ಣ. ಮೂರನೇದಕ್ಕೆ ಒಳ್ಳೇ ಉತ್ತರ ಇದೆ, ಗೊತ್ತಿರೋರು ಬರ್ತಾರೆ.

ಹಳೇ_ನಳಿಗೆ
ಕಾನೂನು ಮೊದಲು ಹೇಳಿಬಿಡ್ತೀನಿ, ಇಲ್ಲಾಂದ್ರೆ ಚರ್ಚೆ ಎಲ್ಲೆಲ್ಲಿಗೋ ಹೋಗುತ್ತೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದ್ರೆ ತುಂಬಿದ ತೋಟಾ ಒಂದೇ ಅಲ್ಲ. ಬಂದೂಕಿಗೆ ತುಂಬೋ ಮದ್ದು, ಅದಕ್ಕೆ ಬೇಕಾದ ಸಾಮಾನು, ತೋಟಾದ ಬಿಡಿಭಾಗ, ತೋಟಾ ತಯಾರಿಸೋ ಯಂತ್ರ, ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ತಯಾರಿಕೆಗೆ 5ನೇ ಕಲಂ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಕೈಲಿರೋದು ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್, ತೋಟಾ ತಯಾರಿಸೋದಲ್ಲ. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಹೊಲ ಕಾಯೋಕೆ ಅಂತ ತುಂಬಿದೆ ಅಂದ್ರೂ ಕಲಂ ಅದೇ.

ಖಾಲಿ ಕೇಸು ಇಟ್ಟುಕೊಳ್ಳೋದರ ಬಗ್ಗೆ ಹೆದರಬೇಕಿಲ್ಲ. ಜೊತೆಭಾಗ ಸೇರಿಸಿ ಬಳಸೋ ಉದ್ದೇಶ ಇಲ್ಲದ ಸಣ್ಣ ಬಿಡಿಭಾಗಗಳಿಗೆ 45ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಅದೇ ಕೇಸಿನ ಪಕ್ಕ ಮದ್ದು, ಕೇಪು, ಚರೆ ಜೋಡಿಸಿಟ್ಟರೆ ಆ ವಿನಾಯಿತಿ ನಿಲ್ಲಲ್ಲ.

ಮುಳಬಾಗಿಲು_ಬಂಡೆ
ಅಮೆರಿಕದಲ್ಲಿ ಮನೇಲೇ ತುಂಬ್ತಾರಲ್ಲ ಸಾರ್, ವಿಡಿಯೋ ರಾಶಿ ಇವೆ. ಅಲ್ಲಿ ಸಿಡಿಯದ್ದು ಇಲ್ಲೇ ಯಾಕೆ ಸಿಡಿಯುತ್ತೆ? ಕಾನೂನು ಒಪ್ಪಿದೆ, ಆದ್ರೆ ತಾಂತ್ರಿಕವಾಗಿ ತಪ್ಪೇನು ಅಂತ ಯಾರೂ ಹೇಳಲ್ಲ.

ಹಳೇ_ನಳಿಗೆ
ಹೇಳ್ತೀನಿ. ಅಲ್ಲಿ ತುಂಬೋರು ಕೈಗೆ ಸಿಕ್ಕಿದ್ದು ತುಂಬಲ್ಲ. ಇಂಥ ಕಂಪನಿಯ ಇಂಥ ಕೇಸು, ಇಂಥ ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಕೊಡೋ ತಳದ ಕೇಪು), ಇಂಥ ಮದ್ದು ಇಷ್ಟು ತೂಕ, ಇಂಥ ವ್ಯಾಡ್, ಚರೆ ಇಷ್ಟು, ಈ ಐದೂ ಸೇರಿದ ಒಂದೊಂದು ಜೋಡಣೆಯನ್ನು ಪ್ರಯೋಗಶಾಲೆಯಲ್ಲಿ ಹೊಡೆದು ಒತ್ತಡ ಅಳೆದು ಪಟ್ಟಿ ಕೊಟ್ಟಿರ್ತಾರೆ. ಐದರಲ್ಲಿ ಒಂದು ಬದಲಾದ್ರೂ ಆ ಸಾಲು ನಿಮಗೆ ಅನ್ವಯಿಸಲ್ಲ. ಹೊರಗಿಂದ ಒಂದೇ ಥರ ಕಾಣೋ ಎರಡು ಕೇಸಿನ ತಳ ಒಳಗೆ ಬೇರೆ ಬೇರೆ ಎತ್ತರ ಇರುತ್ತೆ. ತಳ ಎತ್ತರ ಇದ್ದರೆ ಒಳಗಿನ ಜಾಗ ಕಮ್ಮಿ, ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ನಮ್ಮ ಪೇಟೆಯ ಕೇಸಿಗೆ, ಪ್ರೈಮರಿಗೆ ಅಂಥ ಪಟ್ಟಿ ಎಲ್ಲಿದೆ ತೋರಿಸಿ.

12/70 ತೋಟಾಕ್ಕೆ, ಅಂದ್ರೆ 12 ಬೋರಿನ 70 ಮಿ.ಮೀ. ಉದ್ದದ್ದಕ್ಕೆ, ಯುರೋಪಿನ ಮಾನದಂಡದಲ್ಲಿ ಗರಿಷ್ಠ ಒತ್ತಡ 740 ಬಾರ್. ನಮ್ಮ ಕಡೆಯವರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಬೋರ್‌ವೆಲ್ ಲಾರಿಯ ಕಂಪ್ರೆಸರ್ 300 ಪಿಎಸ್‌ಐ ಅಂದ್ರೆ ಸುಮಾರು 20 ಬಾರ್. ಸಾವಿರ ಅಡಿ ಆಳದಿಂದ ಕಲ್ಲುಪುಡಿ ಎಬ್ಬಿಸೋ ಗಾಳಿಯ 35 ಪಟ್ಟು ಒತ್ತಡ, ಕೆನ್ನೆಗೆ ಒಂದು ಗೇಣು ದೂರದಲ್ಲಿ. ಅಲ್ಲಿ ಅಂದಾಜಿಗೆ ಜಾಗ ಇಲ್ಲ.

ಚಿಂತಾಮಣಿ_ಸಂತೆ
ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ 👍

ಕೋರಟಗೆರೆ_ಕುಲುಮೆ
ಕರಿಮದ್ದಿನ ಪ್ರಶ್ನೆಗೆ ನೇರ ಉತ್ತರ ಯಾರೂ ಕೊಟ್ಟಿಲ್ಲ. ಕರಿಮದ್ದು ಹೊಗೆಮದ್ದು. ಈಗಿನ ತೋಟಾದೊಳಗೆ ಇರೋದು ನೈಟ್ರೋ, ಹೊಗೆ ಇಲ್ಲದ ಮದ್ದು. ಎರಡೂ ಕಪ್ಪಗೇ ಕಾಣಬಹುದು, ಸ್ವಭಾವ ಪೂರ್ತಿ ಬೇರೆ. ಕೇಪಿನ ಕೋವಿಯವರು ಮದ್ದನ್ನು ಅಳತೆ ಕೊಳವೆಯಲ್ಲಿ ಅಳೀತಾರೆ, ನೈಟ್ರೋ ಅಳೆಯೋದು ತೂಕದಲ್ಲಿ. ತೋಟಾ ಬಿಚ್ಚಿ ಆ ಮದ್ದನ್ನು ಅದೇ ಕೊಳವೆಯಲ್ಲಿ ಅಳೆದು ಕೇಪಿನ ಕೋವಿಗೆ ಹಾಕಿದರೆ ಅದು ತಡೆಯೋ ಒತ್ತಡದ ಎಷ್ಟೋ ಪಟ್ಟು ಬರುತ್ತೆ. ನಳಿಗೆ ಹಿಂಭಾಗದಲ್ಲೇ ಸೀಳುತ್ತೆ, ಎಡಗೈ ಹಿಡಿದಿರೋ ಕಡೆ. ಕೇಪಿನ ಕೋವಿ ಸಿಡಿದು ಬೆರಳು ಹೋಗೋದಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು. ಇನ್ನೊಂದು, ಮರೆತು ಎರಡು ಸಲ ತುಂಬೋದು.

ತಿರುಗಾ ಮುರುಗಾ, ತೋಟಾದಲ್ಲಿ ಕರಿಮದ್ದು ಹಾಕಿದರೆ ಬೇರೆ ತೊಂದರೆ. ಅದರ ಕಿಟ್ಟ ಗಾಳಿಯ ತೇವ ಹೀರುತ್ತೆ. ಒಂದೇ ರಾತ್ರಿಯಲ್ಲಿ ಛೇಂಬರಿನಲ್ಲಿ, ಅಂದ್ರೆ ನಳಿಗೆಯಲ್ಲಿ ತೋಟಾ ಕೂರೋ ಜಾಗದಲ್ಲಿ, ಕೆಂಪು ತುಕ್ಕು. ಮುಂದಿನ ತೋಟಾ ಒಳಗೆ ಹೋದರೂ ಆಚೆ ಬರಲ್ಲ.

ಕಡ್ಲೆಕಾಯಿ_ಮಧುಗಿರಿ
ಸರಿ ಅಣ್ಣ, ತುಂಬಿಸೋ ಯೋಚನೆ ಇಲ್ಲಿಗೇ ಬಿಟ್ಟೆ. ವ್ಯಾಡ್ ವಿಷಯ ತಿಳ್ಕೊಳ್ಳೋಕಾದ್ರೂ ಹೇಳಿ, ನೋಡೋಕೆ ಚೆನ್ನಾಗೇ ಇರ್ತಾವಲ್ಲ?

ಕೋರಟಗೆರೆ_ಕುಲುಮೆ
ಒಂದನ್ನ ತಿರುಗಿಸಿ ತಳ ನೋಡಿ. ಕೆಳಗಡೆ ಬಟ್ಟಲಿನ ಹಾಗೆ ಒಂದು ತೆಳು ಅಂಚು ಇರುತ್ತೆ. ಮದ್ದು ಉರಿದಾಗ ಆ ಅಂಚು ಅರಳಿ ನಳಿಗೆ ಗೋಡೆಗೆ ಅಂಟಿ ಗಾಳಿ ಮುಂದೆ ನುಗ್ಗದಂತೆ ತಡೆಯುತ್ತೆ. ಹೊಡೆದ ವ್ಯಾಡಿನಲ್ಲಿ ಆ ಅಂಚು ಒಂದು ಕಡೆ ಸುಟ್ಟು ಕಂದಿರುತ್ತೆ, ಕೂದಲೆಳೆ ಸೀಳು ಇರುತ್ತೆ. ನಡುವಿನ ಕಂಬ ಕುಗ್ಗಿ ಒಂದು ಪಕ್ಕಕ್ಕೆ ವಾಲಿರುತ್ತೆ. ಮೇಲಿನ ಬಟ್ಟಲಿನ ದಳ ಹಿಂದಕ್ಕೆ ಮಡಚಿರುತ್ತೆ. ಅದರ ಕೆಲಸ ಒಂದೇ ಸಲಕ್ಕೆ, ಮುಗಿದಿರುತ್ತೆ.

ಶ್ರೀನಿವಾಸಪುರ_ಮಾವು
ಚರೆ ಬದಲು ಸೈಕಲ್ ಬೇರಿಂಗ್ ಗುಂಡು ಹಾಕ್ತಾರೆ ಅಂತ ಕೇಳಿದ್ದೆ, ಅದೂ ತಪ್ಪಾ?

ಹಳೇ_ನಳಿಗೆ
ಪೂರ್ತಿ ತಪ್ಪು. ಸೀಸ ಮೆತ್ತಗೆ, ನಳಿಗೆ ತುದಿಯ ಚೋಕಿನಲ್ಲಿ (ಬಾಯಿ ಹತ್ರ ಕಿರಿದಾಗೋ ಜಾಗ) ಒತ್ತಿಕೊಂಡು ಆಚೆ ಹೋಗುತ್ತೆ. ಬೇರಿಂಗ್ ಗುಂಡು ನಳಿಗೆಯ ಉಕ್ಕಿಗಿಂತ ಗಟ್ಟಿ. ಒಳಗೆ ಉದ್ದುದ್ದ ಗೆರೆ ಬೀಳುತ್ತೆ, ಫುಲ್ ಚೋಕ್ ಇದ್ದರೆ ತುದಿ ಉಂಗುರದ ಹಾಗೆ ಉಬ್ಬುತ್ತೆ. ನಳಿಗೆಯನ್ನ ಕಿಟಕಿ ಕಡೆ ಹಿಡಿದು ಒಳಗೆ ನೋಡಿದ್ರೆ ಬೆಳಕಿನ ನಡುವೆ ಕರೀ ನೆರಳುಂಗುರ ಕಾಣಿಸುತ್ತಲ್ಲ, ಅದು ಉಬ್ಬಿದ ಗುರುತು. ಹಳೇ ಬಂದೂಕು ಕೊಳ್ಳೋರು ಮೊದಲು ನೋಡಬೇಕಾದ್ದು ಅದನ್ನೇ.

ನಂದಿ_ತಪ್ಪಲು
ಈಗ ಮೂರನೇ ಪ್ರಶ್ನೆಗೆ ಬರೋಣ. ಖಾಲಿ ಕೇಸಿನಿಂದ ಡಮ್ಮಿ ತೋಟಾ ಮಾಡಿ. ಅಂಗಡಿಯಲ್ಲಿ ಸ್ನ್ಯಾಪ್ ಕ್ಯಾಪ್ ಅಂತ ಸಿಗೋದು ಅದೇ. ಬಂದೂಕು ತೆಗೆದಿಡೋ ಮುಂಚೆ ಸ್ಪ್ರಿಂಗ್ ಸಡಿಲ ಬಿಡೋಕೆ, ತುಂಬೋ ತೆಗೆಯೋ ಅಭ್ಯಾಸಕ್ಕೆ, ಖಾಲಿ ಕೇಸು ಹೊರಗೆ ತಳ್ಳೋ ಭಾಗ ಕೆಲಸ ಮಾಡ್ತಿದೆಯಾ ನೋಡೋಕೆ. ಖಾಲಿ ಛೇಂಬರಿನಲ್ಲಿ ಕುದುರೆ ಎಳೀತಾ ಇದ್ದರೆ ಫೈರಿಂಗ್ ಪಿನ್ನಿಗೆ ಎದುರು ಏನೂ ಸಿಗದೆ ತುದಿ ಚೂರಾಗೋದುಂಟು, ಹಳೇ ಬಂದೂಕುಗಳಲ್ಲಿ ಹೆಚ್ಚು.

ಮಾಡೋದು ಹೀಗೆ. ನಿಮ್ಮದೇ ಬಂದೂಕಿನಲ್ಲಿ ಹೊಡೆದ ಕೇಸನ್ನೇ ಆರಿಸಿ, ಯಾಕಂದ್ರೆ ಕೇಸು ಹೊಡೆದ ಛೇಂಬರಿನ ಅಳತೆಗೆ ಉಬ್ಬಿರುತ್ತೆ, ಬೇರೆ ಬಂದೂಕಿಗೆ ಬಿಗಿಯಾಗುತ್ತೆ. ಹಿತ್ತಾಳೆ ಬಣ್ಣದ ತಳದಲ್ಲಿ ಬಿರುಕು ಇರಬಾರದು, ಅಂಚು ಸೊಟ್ಟಗಿರಬಾರದು. ಹೊಡೆದಾದ ಪ್ರೈಮರ್ ತೆಗೆಯೋಕೆ ಕೇಸನ್ನು ದೊಡ್ಡ ನಟ್ಟಿನ ಮೇಲೆ ನಿಲ್ಲಿಸಿ, ನಟ್ಟಿನ ತೂತು 8 ಮಿ.ಮೀ.ಗಿಂತ ದೊಡ್ಡದಿರಲಿ. ಬಾಯಿಯ ಕಡೆಯಿಂದ ತೆಳು ಕಂಬಿ ಇಳಿಸಿ ಮೆಲ್ಲಗೆ ಎರಡು ತಟ್ಟು ಕೊಟ್ಟರೆ ಇಡೀ ಪ್ರೈಮರ್ ಕೆಳಗೆ ಬೀಳುತ್ತೆ. ನಡುವೆ ಪಿನ್ನಿನ ಗುಳಿ ಇರೋ, ಹೊಡೆದಾದ ಪ್ರೈಮರ್ ಮಾತ್ರ. ಗುಳಿ ಇದ್ದೂ ಸಿಡಿಯದ ತೋಟಾಕ್ಕೆ ಈ ಕೆಲಸ ಮಾಡಬೇಡಿ, ಅದರಲ್ಲಿ ಜೀವ ಇದೆ.

ಆ ತೂತಿಗೆ ಪೆನ್ಸಿಲ್ ಹಿಂದಿನ ಗಟ್ಟಿ ರಬ್ಬರನ್ನು ಬ್ಲೇಡಿನಲ್ಲಿ ಸ್ವಲ್ಪ ದಪ್ಪವಾಗೇ ಕೊಯ್ದು, ಅರಾಲ್ಡೈಟ್ ಸವರಿ ಒತ್ತಿ ಕೂರಿಸಿ. ಒಂದು ರಾತ್ರಿ ಬಿಟ್ಟು ತಳಕ್ಕೆ ಸಮ ಕತ್ತರಿಸಿ. ಒಂದು ಎಳೆ ಉಬ್ಬಿದರೂ ನಳಿಗೆ ಮುಚ್ಚೋದು ಬಿಗಿ ಆಗುತ್ತೆ. ಒಳಗೆ ಒಣ ಮರಳಿಗೆ ಅಂಟು ಬೆರೆಸಿ ತುಂಬಿ, ತುಂಬಿದ ತೋಟಾದಷ್ಟು ತೂಕ ಬಂದರೆ ತೆಗೆಯುವಾಗ ನಿಜವಾದ ಅಂದಾಜು ಸಿಗುತ್ತೆ.

ಕೊನೆಯದು ಬಿಡಲೇಬಾರದು. ಕೇಸಿನ ಪ್ಲಾಸ್ಟಿಕ್ ಗೋಡೆಗೆ ಈ ಕಡೆಯಿಂದ ಆ ಕಡೆಗೆ 6 ಮಿ.ಮೀ. ಡ್ರಿಲ್ ಹೊಡೆಯಿರಿ. ಕತ್ತಲಲ್ಲೂ ಬೆರಳಿಗೆ ತೂತು ಸಿಗಬೇಕು. ಮೇಲೆ ಬಿಳಿ ಪೇಂಟ್. ಹಾಗಾದರೆ ಯಾರೂ ಅದನ್ನ ನಿಜವಾದ ತೋಟಾ ಅಂದುಕೊಳ್ಳಲ್ಲ, ಮತ್ತೆ ಯಾರೂ ತುಂಬೋಕೂ ಆಗಲ್ಲ.

ಕುಣಿಗಲ್_ಕೆರೆ
ರಬ್ಬರ್ ಸವೆಯುತ್ತೆ ಅಣ್ಣ. ನೂರು ಸಲ ಹೊಡೆದ ಮೇಲೆ ನಡುವೆ ಗುಂಡಿ ಬಿದ್ದು ಪಿನ್ ಮತ್ತೆ ಗಾಳಿಗೇ ಹೊಡೆಯುತ್ತೆ. ಗುಂಡಿ ಕಂಡ ದಿನವೇ ಬದಲಾಯಿಸಬೇಕು. ಹಳೇ ಬೆಲ್ಟಿನ ದಪ್ಪ ಚರ್ಮ ರಬ್ಬರಿಗಿಂತ ಹೆಚ್ಚು ಬಾಳುತ್ತೆ.

ನಂದಿ_ತಪ್ಪಲು
ಚರ್ಮ ಮಳೆಗಾಲದಲ್ಲಿ ಊದುತ್ತೆ, ಪಿನ್ನಿನ ತುದಿಗೆ ತುಕ್ಕೂ ಹತ್ತುತ್ತೆ. ಬಂದೂಕಿನ ಒಳಗೇ ಬಿಟ್ಟು ಇಡೋರು ಚರ್ಮ ಹಾಕಬೇಡಿ. ಅಭ್ಯಾಸಕ್ಕೆ ಮಾತ್ರ ಆದ್ರೆ ನಿಮ್ಮ ಮಾತು ಸರಿ.

ಗೌರಿಬಿದನೂರು_ಜೋಳ
ಅಭ್ಯಾಸದ ಜಾಗದಲ್ಲಿ ನಿಜವಾದ ತೋಟಾ ಇರಲೇಬಾರದು. ಅವು ಬೇರೆ ಕೋಣೆಯಲ್ಲಿ, ಬೀಗದೊಳಗೆ. ನಳಿಗೆ ಬಗ್ಗಿಸಿ ಕಣ್ಣಲ್ಲಿ ನೋಡಿ, ಆಮೇಲೆ ಬೆರಳು ಹಾಕಿ ನೋಡಿ, ಆಮೇಲೆ ಡಮ್ಮಿ.

ಮುಳಬಾಗಿಲು_ಬಂಡೆ
ಖಾಲಿ ಕೇಸಿನಲ್ಲಿ ಬೀಜ ಅಳೆಯೋದು, ಮಕ್ಕಳಿಗೆ ಆಟಕ್ಕೆ ಕೊಡೋದು ನೋಡಿದೀನಿ. ಇದೂ ಒಂದು ಉಪಯೋಗ ತಾನೇ?

ಹಳೇ_ನಳಿಗೆ
ಅದು ಬೇಡವೇ ಬೇಡ. ಪ್ರೈಮರ್ ಮದ್ದಿನಲ್ಲೂ ಸೀಸ, ಚರೆಯೂ ಸೀಸ. ಒಳಗಿನ ಮಸಿ ಬೆರಳಿಗೆ ಹತ್ತಿ ಬಾಯಿಗೆ ಹೋಗುತ್ತೆ, ಮಕ್ಕಳಿಗೆ ಸೀಸ ಸ್ವಲ್ಪವೇ ಸಾಕು. ಡಮ್ಮಿ ಮಾಡೋರೂ ಕೇಸನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ, ಆಮೇಲೆ ಕೈ ತೊಳೀಬೇಕು.

ಶಿರಾ_ರಾಗಿ
ಹೊಡೆಯದೆ ಉಳಿದ ತೋಟಾ ಏನು ಮಾಡ್ಬೇಕು? ಕುದುರೆ ಎಳೆದಾಗ ಟಿಕ್ ಅಂತು, ಅಷ್ಟೇ, ಈಡು ಹೋಗಲಿಲ್ಲ. ಅಂಥವು ಎರಡು.

ಕೋರಟಗೆರೆ_ಕುಲುಮೆ
ಟಿಕ್ ಅಂದ ಕೂಡಲೇ ನಳಿಗೆ ಬಗ್ಗಿಸಬಾರದು. ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ, ಒಂದು ನಿಮಿಷ ಆದ್ರೆ ಇನ್ನೂ ಒಳ್ಳೇದು. ತಡವಾಗಿ ಹತ್ತಿಕೊಳ್ಳೋ ಮದ್ದು ಇರುತ್ತೆ. ಆಮೇಲೆ ಮುಖ ಪಕ್ಕಕ್ಕೆ ಇಟ್ಟು ತೆಗೀರಿ.

ಈಗ ಆ ಎರಡು ತೋಟಾಗಳ ತಳ ನೋಡಿ. ಗುಳಿ ಆಳವಾಗಿ, ನಟ್ಟನಡುವೆ ಇದ್ದರೆ ತಪ್ಪು ತೋಟಾದ್ದು, ಪ್ರೈಮರಿಗೆ ತೇವ ಅಥವಾ ಎಣ್ಣೆ ಇಳಿದಿದೆ. ಗುಳಿ ಬರೀ ಉಗುರು ಗೀರಿದ ಹಾಗೆ ಇದ್ದರೆ ತಪ್ಪು ಬಂದೂಕಿನದು, ಸ್ಪ್ರಿಂಗ್ ಸೋತಿದೆ ಇಲ್ಲಾ ಪಿನ್ ದಾರಿಯಲ್ಲಿ ಎಣ್ಣೆ ಜಿಡ್ಡುಗಟ್ಟಿದೆ. ಗುಳಿ ಒಂದು ಪಕ್ಕಕ್ಕೆ ಇದ್ದರೆ ಕೀಲು ಸವೆದಿದೆ. ಎರಡನೇದು ಮೂರನೇದು ಲೈಸೆನ್ಸ್ ಇರೋ ರಿಪೇರಿಯವರ ಕೆಲಸ. ತೋಟಾಗಳನ್ನು ಕೊಂಡ ಅಂಗಡಿಗೇ ಒಪ್ಪಿಸಿ. ಬಾವಿಗೆ ಎಸೀಬೇಡಿ, ಪ್ಲಾಸ್ಟಿಕ್ ತೋಟಾ ನೀರಲ್ಲಿ ಬಹಳ ಕಾಲ ಕೆಡಲ್ಲ. ಒಲೆಗಂತೂ ಬೇಡ.

ಶಿರಾ_ರಾಗಿ
ಗುಳಿ ಗೀರಿದ ಹಾಗೇ ಇದೆ, ಎರಡರಲ್ಲೂ. ಕೊಬ್ಬರಿ ಎಣ್ಣೆ ಹಾಕೋದು ರೂಢಿ.

ಕೋರಟಗೆರೆ_ಕುಲುಮೆ
ಅಲ್ಲೇ ಸಿಕ್ತು ನೋಡಿ. ಕೊಬ್ಬರಿ ಎಣ್ಣೆ ಧನುರ್ಮಾಸದ ಚಳಿಗೆ ಗಟ್ಟಿ ಆಗುತ್ತೆ, ಹಳತಾದ್ರೆ ಅಂಟಾಗುತ್ತೆ. ಹೊಂಗೆ ಎಣ್ಣೆಯೂ ಹಳತಾದ್ರೆ ಅಂಟೇ. ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು. ಪಿನ್ನಿನ ತೂತಿಗೆ ಎಣ್ಣೆ ಸುರಿದರೆ ಅದು ಇಳಿದು ಪ್ರೈಮರಿಗೇ ಹೋಗುತ್ತೆ, ಅದೂ ಬೇಡ.

ಕುಣಿಗಲ್_ಕೆರೆ
ನಳಿಗೆ ಒರೆಸೋ ಕೋಲು ಮನೇಲೇ ಮಾಡ್ಕೋಬಹುದು, ಅದಕ್ಕೆ ಯಾವ ಲೈಸೆನ್ಸೂ ಬೇಡ. ನೆಟ್ಟಗಿರೋ ಬೆತ್ತ, ನಳಿಗೆಗಿಂತ ಒಂದು ಗೇಣು ಉದ್ದ, ತುದಿಯಲ್ಲಿ ಸೀಳು. ಹಳೇ ಪಂಚೆಯನ್ನ 8 ಸೆಂ.ಮೀ. ಚೌಕ ಹರಿದು ಸೀಳಿಗೆ ಸಿಕ್ಕಿಸಿ. ಹಿಂಭಾಗದಿಂದ ಮುಂದಕ್ಕೆ ತಳ್ಳಿ. ಮೊದಲು ಸೀಮೆಎಣ್ಣೆ, ಆಮೇಲೆ ಒಣಬಟ್ಟೆ ಬಿಳಿಯಾಗಿ ಬರೋವರೆಗೆ, ಕೊನೆಗೆ ಎಣ್ಣೆ ಬಟ್ಟೆ ಒಂದು ಸಲ. ಕಬ್ಬಿಣದ ಸರಳು ಬೇಡ, ಬಾಯಿ ಸವೆಯುತ್ತೆ. ಕೇಪಿನ ಕೋವಿಗೆ ಮಾತ್ರ ಬಿಸಿನೀರೇ ಬೇಕು, ಕರಿಮದ್ದಿನ ಕಿಟ್ಟ ಎಣ್ಣೆಗೆ ಹೋಗಲ್ಲ.

ಮಾಲೂರು_ಹೂದೋಟ
ತೋಟಾ ಇಡೋದು ಹೇಗೆ? ಅಟ್ಟದ ಮೇಲಿದ್ದ ಹಳೇ ಕಾಗದದ ತೋಟಾ ಛೇಂಬರಿಗೆ ಹೋಗ್ತಾನೇ ಇಲ್ಲ.

ನಂದಿ_ತಪ್ಪಲು
ಕಾಗದದ ಕೇಸು ತೇವಕ್ಕೆ ಊದುತ್ತೆ. ಒತ್ತಿ ತುರುಕಬೇಡಿ, ಬಿಸಿಲಿಗೆ ಇಟ್ಟು ಒಣಗಿಸೋದೂ ಬೇಡ, ಅಂಗಡಿಗೆ ವಾಪಸ್. ಇನ್ನು ಮೇಲೆ ಬಿಗಿ ಮುಚ್ಚಳದ ಡಬ್ಬ, ಒಳಗೆ ಔಷಧಿ ಡಬ್ಬಿಯಲ್ಲಿ ಬರೋ ಸಿಲಿಕಾ ಪುಟಾಣಿ ಪೊಟ್ಟಣ ನಾಲ್ಕು, ಅಟ್ಟ ಮತ್ತು ಶೀಟಿನ ಮನೆ ಬಿಟ್ಟು ತಂಪಾದ ಗೋಡೆಯ ಕಡೆ. ಸ್ಪ್ರೇ ಎಣ್ಣೆ ಅದೇ ಡಬ್ಬದಲ್ಲಿ ಇಡಬೇಡಿ.

ಚಿಂತಾಮಣಿ_ಸಂತೆ
ಅಳತೆ ಬಗ್ಗೆಯೂ ಯಾರಾದ್ರೂ ಹೇಳಿ. ಹಳೇ ಇಂಗ್ಲಿಷ್ ಜೋಡಿ ನಳಿಗೆ ಇರೋರು ಇಲ್ಲಿ ಇದಾರೆ.

ಹಳೇ_ನಳಿಗೆ
ಮುಖ್ಯವಾದ ಮಾತು. ತೋಟಾದ ಮೇಲೆ ಬರೆದ 70 ಅಥವಾ 65 (ಮಿ.ಮೀ.) ಅನ್ನೋದು ಹೊಡೆದಾದ ಮೇಲೆ, ಬಾಯಿ ಬಿಚ್ಚಿದಾಗಿನ ಉದ್ದ. ಮಡಿಕೆ ಬಾಯಿಯ 70ರ ತೋಟಾ 65ರ ಛೇಂಬರಿಗೆ ಸಲೀಸಾಗಿ ಹೋಗುತ್ತೆ. ಅದೇ ಮೋಸ. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ನಳಿಗೆಯ ಕಿರಿದಾಗೋ ಜಾಗಕ್ಕೆ ನುಗ್ಗುತ್ತೆ, ಒತ್ತಡ ಏರುತ್ತೆ. ಹಳೇ ಇಂಗ್ಲಿಷ್ ಬಂದೂಕು ಬಹಳಷ್ಟು ಎರಡೂವರೆ ಇಂಚಿನವು, ಅಂದ್ರೆ 65ರವು. ನಳಿಗೆಯ ಕೆಳಗಿನ ಮುದ್ರೆ ನೋಡದೆ ತೋಟಾ ಕೊಳ್ಳಬೇಡಿ.

ಅದಕ್ಕಿಂತ ಕೆಟ್ಟದ್ದು 20 ಬೋರ್ ತೋಟಾ (ಬೋರ್ ನಂಬರ್ ದೊಡ್ಡದಾದಷ್ಟೂ ತೋಟಾ ಸಣ್ಣ) 12ರೊಳಗೆ ಹೋಗೋದು. ಅದು ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ, ಹಿಂದಿನಿಂದ ನೋಡಿದ್ರೆ ನಳಿಗೆ ಖಾಲಿ ಅನ್ನಿಸುತ್ತೆ, ಅದರ ಹಿಂದೆ 12 ಹಾಕಿ ಹೊಡೆದರೆ ನಳಿಗೆ ಒಡೆಯುತ್ತೆ. 20 ಬೋರ್ ಕೇಸುಗಳನ್ನ ಹಳದಿ ಬಣ್ಣದಲ್ಲೇ ಮಾಡೋದು ಅದಕ್ಕೇ. ಒಂದೇ ಮನೇಲಿ ಎರಡೂ ಬೋರ್ ಇದ್ದರೆ ಡಬ್ಬವೂ ಬೇರೆ, ಜೇಬೂ ಬೇರೆ.

ಮೈದನಹಳ್ಳಿ_ಹುಲ್ಲು
ವಿಷಯ ಸ್ವಲ್ಪ ಬೇರೆ. ಬೆದರಿಸೋಕೆ ಅಂತ ಮೇಲಕ್ಕೆ ಹೊಡೆಯೋರಿಗೆ ಒಂದು ಮಾತು. 6ನೇ ನಂಬರ್ ಚರೆ 200 ಮೀಟರ್ ಹತ್ತಿರ ಹೋಗುತ್ತೆ, ಎಸ್‌ಜಿ ದಪ್ಪ ಗುಂಡು 600 ಮೀಟರ್ ದಾಟಬಹುದು. ಪಕ್ಕದ ಹೊಲದಲ್ಲಿ ರಾತ್ರಿ ನೀರು ಕಟ್ಟೋರು ಇರ್ತಾರೆ. ನಮ್ಮ ಕಡೆ ಜಯಮಂಗಲಿ ಮೀಸಲು ಪ್ರದೇಶದ ಕೃಷ್ಣಮೃಗಗಳೂ ಹೊಲಕ್ಕೆ ಬರುತ್ತವೆ, ಅವು ಮತ್ತು ನವಿಲು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿ. ಕಾಡುಹಂದಿ ಎರಡನೇದು, ಅದಕ್ಕೂ ಅರಣ್ಯ ಇಲಾಖೆಯ ಬರಹದ ಅನುಮತಿ ಬೇಕು. ಬಂದೂಕಿನ ಲೈಸೆನ್ಸೇ ಬೇಟೆಯ ಅನುಮತಿ ಅಲ್ಲ.

ಪಾವಗಡ_ಬಯಲು
ಮದುವೆ, ಜಾತ್ರೆಯಲ್ಲಿ ಹಾರಿಸೋದಕ್ಕೂ ಈಗ ಕಲಂ ಬಂದಿದೆ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಶ್ರೀನಿವಾಸಪುರ_ಮಾವು
ಸದ್ದಿಗೆ ಮಾತ್ರ ಆದ್ರೆ ಪೈಪಿನ ಕಾರ್ಬೈಡ್ ಗನ್ ಸಾಕಲ್ವಾ, ತೋಟಾ ಖರ್ಚೇ ಇಲ್ಲ.

ಗೌರಿಬಿದನೂರು_ಜೋಳ
ಅದರ ಹೆಸರೂ ಎತ್ತಬೇಡಿ ಅಣ್ಣ. ಹತ್ತಲಿಲ್ಲ ಅಂತ ಪೈಪಿನೊಳಗೆ ಬಗ್ಗಿ ನೋಡ್ತಾರೆ, ಆಗ ಹತ್ತುತ್ತೆ. 2025ರ ದೀಪಾವಳಿಗೆ ಮಧ್ಯಪ್ರದೇಶದಲ್ಲಿ ಎಷ್ಟೊಂದು ಮಕ್ಕಳ ಕಣ್ಣಿಗೆ ಏಟಾಯ್ತು. ಹಂದಿಗೆ ಸೋಲಾರ್ ಝಟ್ಕಾ ಬೇಲಿ, ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಎತ್ತರ ಬೇಡ, ಹುಲ್ಲು ತಾಗದ ಹಾಗೆ ವಾರಕ್ಕೊಮ್ಮೆ ಕೊಯ್ಯಬೇಕು. ಮನೆ ಕರೆಂಟ್ ನೇರ ತಂತಿಗೆ ಕೊಡೋದು ಮಾತ್ರ ಕೊಲೆಗೆ ಸಮ.

ಕಡ್ಲೆಕಾಯಿ_ಮಧುಗಿರಿ
ತುಂಬಾ ಉಪಕಾರ ಆಯ್ತು ಎಲ್ಲರಿಂದ. ಎರಡು ಡಮ್ಮಿ ಮಾಡ್ತೀನಿ. ಉಳಿದ 38 ಕೇಸು ಗುಜರಿಗೆ ಹಾಕಬಹುದಾ?

ಹಳೇ_ನಳಿಗೆ
ಈಗಲೇ ಬೇಡ. ಹೊಸ ತೋಟಾ ಕೊಳ್ಳುವಾಗ ಹಳೇದರ ಲೆಕ್ಕ ಕೇಳ್ತಾರೆ, ಕೆಲವು ಕಡೆ ಖಾಲಿ ಕೇಸನ್ನೇ ಕೇಳ್ತಾರೆ. ಡಿ.ಸಿ. ಕಚೇರಿಯ ಶಸ್ತ್ರ ಶಾಖೆಯಲ್ಲಿ ವಿಚಾರಿಸಿ, ಬೇಡ ಅಂದ್ರೆ ಬಾಯಿ ಕಡೆ ಕತ್ತರಿಯಲ್ಲಿ ಉದ್ದಕ್ಕೆ ಸೀಳಿ ಆಮೇಲೆ ಹಾಕಿ. ಡಮ್ಮಿ ಮಾಡಿದ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ, 40ರ ಲೆಕ್ಕ ಸರಿಹೋಗಬೇಕಲ್ಲ.

ಶಿರಾ_ರಾಗಿ
ಪಿನ್ ದಾರಿ ರಿಪೇರಿಯವರ ಹತ್ರ ಬಿಚ್ಚಿಸಿದೆ ಅಣ್ಣ. ಒಳಗೆ ಕಂದು ಬಣ್ಣದ ಗೋಂದು, ಪಿನ್ ಕೈಯಲ್ಲಿ ಒತ್ತಿದ್ರೂ ಮುಂದೆ ಬರ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಸಲೀಸು.